ಹೊರಗಿನವರು ಯಾರೂ ಬರಲಿಲ್ಲ

"ಇದೆಂತ ಮಾರಾಯ್ತಿ, ಕುರ್ಚಿಯಾ ಮಣೆಯಾ?" ಸಬೀಹಾ ತನ್ನ ಮೊಣಕಾಲುಗಳನ್ನೇ ನೋಡಿಕೊಂಡಳು. "ಕೂತವರನ್ನು ಎಬ್ಬಿಸಲಿಕ್ಕೆ ಇಬ್ಬರು ಬೇಕು."

"ಹೊಸ ಕೆಫೆ, ಹೊಸ ಕೆಫೆ ಅಂತ ವಾರದಿಂದ ಫೋನ್ ಮಾಡಿದವಳು ನೀನು."

"ಕೆಫೆ ಹೊಸತು. ಸೊಂಟ ಹಳತಲ್ವಾ?"

ನಾನು ನಕ್ಕೆ. ಆದರೆ ಅವಳು ತೋರಿಸಿದ ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲು, ಕೌಂಟರ್, ಅಡುಗೆಮನೆಯ ಪರದೆ ಎಲ್ಲವೂ ಕಣ್ಣಿಗೆ ಬೀಳುವ ಜಾಗ ಹುಡುಕಿದೆ. ಮೂಡುಬಿದಿರೆಯ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಿನಿಂದ ನನ್ನ ಈ ಗುಣ ಸಬೀಹಾಳಿಗೆ ಗೊತ್ತು. ತನ್ನ ಬ್ಯಾಗನ್ನು ಆಚೆ ಸರಿಸಿ ಜಾಗ ಮಾಡಿದಳು.

ಲಾಯಿಲದ ಈ ಕಟ್ಟಡದಲ್ಲಿ ಮೊದಲು ಗೊಬ್ಬರದ ಅಂಗಡಿ ಇತ್ತಂತೆ. ಈಗ ‘ಕಟ್ಟೆ ಕೆಫೆ’. ಹಸಿರು ಗೋಡೆ, ಗೋಡೆಗೆ ತೂಗುಹಾಕಿದ ಹಳೆಯ ಸೈಕಲ್, ‘ಬಲೆ, ಕುಲ್ಲುಲೆ’ ಎಂದು ಬಂದವರನ್ನು ತುಳುವಿನಲ್ಲಿ ಕೂರಲು ಕರೆಯುವ ದೊಡ್ಡ ಅಕ್ಷರಗಳು. ಹೊಸ ಬಣ್ಣದ ವಾಸನೆಗೆ ಬನ್ಸ್ ಕರಿಯುವ ವಾಸನೆ ಸೇರಿಕೊಂಡು ಹಸಿವನ್ನೂ ತಲೆನೋವನ್ನೂ ಒಟ್ಟಿಗೇ ತರುತ್ತಿತ್ತು. ಮಧ್ಯಾಹ್ನದ ಸೆಕೆಗೆ ಜನ ಕಡಿಮೆ. ಕಿಟಕಿಯ ಬಳಿ ವಯಸ್ಸಾದ ಒಬ್ಬರು ಪೇಪರ್ ಓದುತ್ತಿದ್ದರು, ಅಷ್ಟೆ.

ನಾಳೆ ಬೆಳ್ತಂಗಡಿ ಕೋರ್ಟಿನಲ್ಲಿ ವಿನೋದಾಳ ಜಾಮೀನು ಅರ್ಜಿ. ಸಬೀಹಾಳ ಅಣ್ಣನ ಮಗಳು ಫಿದಾಳ ಮೆಹೆಂದಿಯ ಸಂಜೆ ಬೀರುವಿನಿಂದ ಮದುವೆಯ ಚಿನ್ನ ಕಾಣೆಯಾಗಿತ್ತು. ಪಾತ್ರೆ ತೊಳೆಯಲು ಬಂದಿದ್ದ ನೆರಿಯದ ವಿನೋದಾ ಜೈಲಿನಲ್ಲಿದ್ದಳು. ಅವಳ ಪರವಾಗಿ ನಿಂತ ಬಂಟ್ವಾಳದ ವಕೀಲರ ಬಳಿ ಸಾಕ್ಷಿಗಳನ್ನು ಮಾತಾಡಿಸುವ ಕೆಲಸ ನನ್ನದು. ಅವಳು ಕದ್ದಿಲ್ಲವೆಂದು ತೋರಿಸಿಕೊಡು ಎಂದು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವಳು, ಚಿನ್ನ ಕಳೆದುಕೊಂಡ ಮನೆಯವಳೇ ಆದ ಸಬೀಹಾ.

"ನಾಳೆಗೆ ನನ್ನ ಕೈಯಲ್ಲಿ ಏನೂ ಇಲ್ಲ ಸಬೀ," ಎಂದೆ. "ವಕೀಲರು ಬೆಳಿಗ್ಗೆ ಕೇಳಿದರು. ಇಲ್ಲ ಅಂತಲೇ ಹೇಳಿದೆ."

"ಮೊದಲು ಏನಾದರೂ ತಿನ್ನುವ. ಖಾಲಿ ಹೊಟ್ಟೆಯಲ್ಲಿ ನೀನು ಎಲ್ಲರ ಮೇಲೂ ಸಂಶಯ ಪಡ್ತಿ."

"ತುಂಬಿದ ಹೊಟ್ಟೆಯಲ್ಲಿಯೂ ಪಡ್ತೇನೆ."

"ಗೊತ್ತುಂಟು. ಆಗ ಸ್ವಲ್ಪ ಕಡಿಮೆ."

ಅವಳು ಮೆನು ಕಾರ್ಡನ್ನು ದೂರ ಹಿಡಿದು ಓದತೊಡಗಿದಳು. ನನಗೆ ಮಾತ್ರ ಆ ಮನೆಯ ನಕ್ಷೆ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಇಲ್ಲಿಂದ ನಾಲ್ಕು ಮನೆ ಆಚೆಗೇ ಇದೆ ಅದು. ಮುಂದಿನ ಚಾವಡಿಯಲ್ಲಿ ಹೆಂಗಸರು, ಮೆಹೆಂದಿ, ಹಾಡು. ಗಂಡಸರೆಲ್ಲ ಹೊರಗೆ ಶಾಮಿಯಾನದಡಿ. ಬೀರು ಇದ್ದ ಮಾಳಿಗೆಯ ಕೋಣೆಗೆ ಅಡುಗೆಮನೆಯ ಹಿಂದಿನಿಂದ ಒಂದು ಏಣಿಮೆಟ್ಟಿಲು. ಬೀರುವಿನ ಕೀ ಮರುದಿನ ಸಿಕ್ಕಿದ್ದು ವಿನೋದಾ ಪಾತ್ರೆ ತೊಳೆಯುತ್ತಿದ್ದ ಕಟ್ಟೆಯ ಮೇಲೆ.

ಆ ದಿನ ಮನೆಯೊಳಗಿದ್ದ ಒಬ್ಬೊಬ್ಬರನ್ನೂ ನಾನು ಕೇಳಿದ್ದೆ. ಹೊರಗಿನ ಗಂಡಸರು ಯಾರಾದರೂ ಒಳಗೆ ಬಂದಿದ್ದರಾ? ಫಿದಾ ಇಲ್ಲವೆಂದಳು. ಅವಳ ಅಜ್ಜಿಯ ತಂಗಿ, ಛೆ, ಹೆಂಗಸರಿರುವಲ್ಲಿಗೆ ಹೊರಗಿನವರು ಹೇಗೆ ಬರುತ್ತಾರೆ ಎಂದರು. ವಿನೋದಾಳೂ ಜೈಲಿನ ಕಂಬಿಯ ಆಚೆಯಿಂದ ಅದನ್ನೇ ಹೇಳಿದ್ದಳು: "ಹೊರಗಿನವರು ಯಾರೂ ಬರಲಿಲ್ಲ ಅಕ್ಕ." ಹಾಗೆ ಹೇಳಿದರೆ ಆ ಮನೆಯಲ್ಲಿ ಹೊರಗಿನವಳಾಗಿ ಉಳಿಯುವುದು ತಾನೊಬ್ಬಳೇ ಎಂದು ಅವಳಿಗೆ ಹೊಳೆದಿರಲಿಲ್ಲ.

ಬೀರುವಿನ ಕೀ ಸದಾ ಇಟ್ಟುಕೊಳ್ಳುತ್ತಿದ್ದವರು ಸಬೀಹಾಳ ತಾಯಿ ಖತೀಜಮ್ಮ. ಆದರೆ ಮೆಹೆಂದಿಯ ಮರುದಿನ ಬೆಳಗಿನ ನಮಾಝಿಗೆ ಎದ್ದವರು ಹಾಗೆಯೇ ಕುಸಿದಿದ್ದರು. ಈಗಲೂ ಮಂಗಳೂರಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾರೆ. ಮದುವೆ ಮುಂದೆ ಹೋಯಿತು. ದೂರು ಕೊಟ್ಟದ್ದು ಹಿರಿಯ ಮಗ ಅಬ್ದುಲ್ ಮಜೀದ್. ವಿನೋದಾ ಜೈಲಿಗೆ ಹೋದದ್ದು ಖತೀಜಮ್ಮನಿಗೆ ಗೊತ್ತೇ ಇಲ್ಲ.

"ಯಾರಿದು, ಸಬೀಹನಾ?"

ಕಿಟಕಿಯ ಬಳಿ ಇದ್ದವರು ಪೇಪರ್ ಮಡಚಿ ಎದ್ದು ಬಂದಿದ್ದರು. ನಿವೃತ್ತ ಗಣಿತದ ಮಾಸ್ಟ್ರು ಕೃಷ್ಣಕುಮಾರ ಎಂದು ಆಮೇಲೆ ತಿಳಿಯಿತು. ಸಬೀಹಾ ಏಳಲು ನೋಡಿದಳು, ಕುರ್ಚಿ ಬಿಡಲಿಲ್ಲ. ಆದರೆ ಅವಳ ಕೈ ತಾನಾಗಿ ಮೇಲೆ ಹೋಗಿ, ತಲೆಯಿಂದ ಜಾರುತ್ತಿದ್ದ ಶಾಲನ್ನು ಹಣೆಯವರೆಗೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿತು.

"ಕೂತ್ಕೊ ಕೂತ್ಕೊ. ಉಮ್ಮ ಹೇಗಿದ್ದಾರೆ?"

"ಹಾಗೇ ಇದ್ದಾರೆ ಸರ್."

"ಸರಿಯಾಗ್ತದೆ. ಇಲ್ಲಿ ಬನ್ಸ್ ತಿನ್ನು. ಕಾಫಿ ಬೇಡ, ಅದರ ಮೇಲೆ ಹೂ ಬಿಡಿಸಿ ತಣ್ಣಗೆ ಮಾಡಿ ಕೊಡ್ತಾರೆ."

ಅವರು ಹೋದರು. ಅವಳ ಕೈ ಹಾಗೆ ಶಾಲಿಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಸ್ಟೆಲಿನಲ್ಲಿ ವಾಚ್‌ಮನ್‌ನ ಕೆಮ್ಮು ಕೇಳಿದರೂ, ಓದುತ್ತಿದ್ದ ಪುಸ್ತಕದಿಂದ ಕಣ್ಣೆತ್ತದೆಯೇ, ಅವಳು ಶಾಲು ಹುಡುಕುತ್ತಿದ್ದಳು.

ಆಗ ಪರದೆ ಸರಿಸಿಕೊಂಡು ಕೆಫೆಯ ಯಜಮಾನ ಬಂದ. ನಮ್ಮದೇ ವಯಸ್ಸು, ಏಪ್ರನ್ ಮೇಲೆಲ್ಲ ಮೈದಾ, ಹಣೆಯಲ್ಲಿ ಸಣ್ಣ ಕುಂಕುಮ.

"ಅಂತೂ ಬಂದಿರಲ್ಲ ಸಬೀಹಕ್ಕ. ಓಪನಿಂಗಿಗೆ ಕರೆದರೆ ಇಲ್ಲ, ಈಗ ಹೇಳದೆ ಕೇಳದೆ."

"ಅಕ್ಕ ಅಂತೆ. ಕೆಲವೇ ತಿಂಗಳಿಗೆ ದೊಡ್ಡವಳು ನಾನು, ಅಜ್ಜಿ ಮಾಡ್ತಾನೆ. ಸಂದೇಶ, ಎಂಥ ಕುರ್ಚಿ ಇದು? ಮತ್ತೆ ಆ ಫ್ಯಾನ್ ಯಾರಿಗೆ ತಿರುಗುವುದು, ಸೈಕಲಿಗಾ?"

ಅವನು ನಗುತ್ತಾ ಫ್ಯಾನ್ ತಿರುಗಿಸಿದ. ಸಬೀಹಾ ಅವನಿಗೆ ತನ್ನ ಮನೆಮಾತಾದ ಬ್ಯಾರಿಯಲ್ಲಿ ಏನೋ ಬೈದಳು. ಅವನೂ ಬ್ಯಾರಿಯಲ್ಲೇ ಉತ್ತರ ಕೊಟ್ಟ. ಅದು ದೊಡ್ಡದಲ್ಲ, ಈ ಕಡೆ ಅಂಗಡಿ ಇಟ್ಟವರಿಗೆ ನಾಲ್ಕು ಭಾಷೆ ಬರುತ್ತದೆ. ನನ್ನ ಕಣ್ಣು ನಿಂತದ್ದು ಬೇರೆಡೆ. ಫ್ಯಾನಿನ ಗಾಳಿ ಬಡಿದು ಅವಳ ಶಾಲು ಪೂರ್ತಿ ಹೆಗಲಿಗೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಅದೇ ಶಾಲಿನ ತುದಿಯಿಂದ ಕುತ್ತಿಗೆಯ ಬೆವರು ಒರೆಸಿ, ಕೂದಲು ಬಿಚ್ಚಿ, ಮತ್ತೆ ಗಂಟು ಹಾಕಿಕೊಂಡಳು. ಅವನ ಎದುರಿಗೇ.

ಅವನು ಆರ್ಡರ್ ಕೇಳಿ ಒಳಗೆ ಹೋದ. ಮೊದಲು ನನಗೆ ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಅದನ್ನು ಅಲ್ಲಿಯೇ ಬಿಟ್ಟೆ. ಗುಟ್ಟು ಇರುವವರು ಹೀಗೆ ಇರುವುದಿಲ್ಲ. ಅವಳಲ್ಲಿ ಅಂಜಿಕೆಯೂ ಇರಲಿಲ್ಲ, ಸಲುಗೆ ತೋರಿಸುವ ಆಸೆಯೂ ಇರಲಿಲ್ಲ. ಮನೆಯ ಅಡುಗೆಮನೆಯಲ್ಲಿ ಕೂತ ಹಾಗೆ ಕೂತಿದ್ದಳು.

ನಾನು ಮೇಜಿನ ಮೇಲೆ ಮುಂದಕ್ಕೆ ಬಾಗಿದೆ.

"ಸಬೀ, ಉಮ್ಮನಿಗೆ ಎಷ್ಟು ಮಕ್ಕಳು?"

ಅವಳು ಮೆನು ಕಾರ್ಡನ್ನು ಮೇಜಿನ ಮೇಲೆ ಇಟ್ಟಳು. ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ತಿರುವಿನಲ್ಲಿ ಕಂಡವರ ಹಾಗಿತ್ತು ಆ ನೋಟ.

"ಹೆತ್ತದ್ದು ಮೂವರನ್ನು. ಮಜೀದಣ್ಣ, ನಿಝಾರಣ್ಣ, ನಾನು."

"ಮತ್ತೆ?"

"ಹಾಲು ಕೊಟ್ಟದ್ದು ನಾಲ್ವರಿಗೆ."

ಆಮೇಲೆ ಅವಳೇ ಮೆಲ್ಲಗೆ ಹೇಳಿದಳು. ಸಂದೇಶನ ತಾಯಿ ಆಗ ಅವರ ಬೇಲಿಯಾಚೆಯ ಮನೆಯಲ್ಲಿದ್ದವರು. ಹೆರಿಗೆಯಾದ ಮೇಲೆ ಸನ್ನಿ ಹಿಡಿದು ಆಸ್ಪತ್ರೆ ಸೇರಿದರು. ಮಗುವಿಗೆ ಡಬ್ಬದ ಹಾಲು ದಕ್ಕಲಿಲ್ಲ. ಮೊಲೆ ಕುಡಿಯುತ್ತಿದ್ದ ಸಬೀಹಾಳನ್ನು ಒಂದು ತೋಳಿಗೆ ಸರಿಸಿ, ಖತೀಜಮ್ಮ ಆ ಮಗುವನ್ನು ಇನ್ನೊಂದಕ್ಕೆ ಎತ್ತಿಕೊಂಡರು. ತಾಯಿ ಗುಣವಾಗಿ ಮನೆಗೆ ಬರುವವರೆಗೂ ಅವನು ಬೆಳೆದದ್ದು ಅಲ್ಲೇ.

"ನಮ್ಮಲ್ಲಿ ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರೇ, ಶುಭ. ಯಾವ ಜಾತಿ ಅಂತ ಹಾಲು ಕೇಳುವುದಿಲ್ಲ. ನನಗೆ ಅವನು ತಮ್ಮ. ಫಿದಾಳಿಗೆ ಚಿಕ್ಕಪ್ಪ. ಅವನ ಎದುರು ನಾವು ತಲೆಗೆ ಹಾಕಿಕೊಳ್ಳುವುದಿಲ್ಲ, ಅವನು ಒಳಗೆ ಬರುವಾಗ ಕೇಳಿ ಬರುವುದೂ ಇಲ್ಲ."

ಹಾಗಾದರೆ ಯಾರೂ ನನಗೆ ಸುಳ್ಳು ಹೇಳಿರಲಿಲ್ಲ. ಹೊರಗಿನ ಗಂಡಸರು ಎಂದು ನಾನು ಕೇಳಿದ್ದೆ, ಹೊರಗಿನವರು ಬಂದಿರಲಿಲ್ಲ. ಆ ಮನೆಯ ಗಂಡುಮಕ್ಕಳ ಹೆಸರು ಕೇಳಿ ನಾನು ಅಬ್ದುಲ್ ಮಜೀದ್, ನಿಝಾರ್ ಎಂದು ತಿಳಿದುಕೊಂಡಿದ್ದೆ. ಸಂದೇಶ ಎಂಬ ಹೆಸರಿನ ಮಗ ಆ ಮನೆಯಲ್ಲಿ ಇರಬಹುದೆಂದು ಪೊಲೀಸರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

"ಇದನ್ನು ನನಗೆ ಮೊದಲೇ ಹೇಳಬಹುದಿತ್ತು."

"ಹೇಳಲಿಕ್ಕೆ ಆಗುತ್ತಿರಲಿಲ್ಲ," ಎಂದಳು ಸಬೀಹಾ. "ಕರೆದುಕೊಂಡು ಬರಲಿಕ್ಕೆ ಆಗುತ್ತಿತ್ತು. ಬಂದೆ."

ಸಂದೇಶ ಬನ್ಸ್ ಮತ್ತು ಕಾಫಿ ತಂದಿಟ್ಟ. ಮಾಸ್ಟ್ರು ಹೇಳಿದ ಹಾಗೆ ಕಾಫಿಯ ಮೇಲೆ ಹೂ ಇತ್ತು.

"ಕೂತುಕೊಳ್ಳಿ," ಎಂದೆ. ನನ್ನ ಪರಿಚಯ ಹೇಳಿದೆ. ವಕೀಲರ ಹೆಸರು ಕೇಳಿದ್ದೇ ಅವನು ಸಬೀಹಾಳ ಕಡೆ ತಿರುಗಿದ. ಅವಳು ಕಾಫಿಯ ಹೂವನ್ನು ಚಮಚದಿಂದ ಕಲಕುತ್ತಿದ್ದಳು. ಅವನು ಕೂರಲಿಲ್ಲ.

"ಮೆಹೆಂದಿಯ ಸಂಜೆ ನೀವು ಆ ಮನೆಯ ಮಾಳಿಗೆಗೆ ಹೋಗಿದ್ದಿರಾ?"

"ಹೋಗಿದ್ದೆ."

ಇಷ್ಟು ಸಲೀಸಾಗಿ ಉತ್ತರ ಬಂದಾಗ ನನಗೆ ಹೆದರಿಕೆಯಾಗುತ್ತದೆ. "ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರು ಶಾಮಿಯಾನದವರನ್ನು ಕೇಳಿದರು, ಅಡುಗೆಯವರನ್ನು ಕೇಳಿದರು, ಕೆಲಸಕ್ಕೆ ಬಂದವರನ್ನು ಕೇಳಿದರು. ನಾನು ಅದ್ಯಾವುದೂ ಅಲ್ಲವಲ್ಲ ಮೇಡಂ."

"ಯಾಕೆ ಹೋದದ್ದು?"

"ಉಮ್ಮ ಕರೆದರು. ಒಂದು ಟಿಫಿನ್ ಕ್ಯಾರಿಯರ್ ಕೊಟ್ಟರು. ಹಿಂದಿನ ಬಾಗಿಲಿನವರೆಗೆ ಜೊತೆಯಲ್ಲಿ ಬಂದರು. ಪಾತ್ರೆ ತೊಳೆಯುವ ಕಟ್ಟೆ ಹಿಡಿದು ಸ್ವಲ್ಪ ಹೊತ್ತು ನಿಂತರು, ಆಗಲೇ ಅವರಿಗೆ ಹುಷಾರಿರಲಿಲ್ಲ."

ಕೀ ಆ ಕಟ್ಟೆಗೆ ಬಂದ ದಾರಿ ನನಗೆ ಕಂಡಿತು.

"ಕ್ಯಾರಿಯರಿನಲ್ಲಿ ಏನಿತ್ತು?"

"ಉಮ್ಮ ಕೊಟ್ಟದ್ದನ್ನು ನಾನು ಮುಚ್ಚಳ ತೆಗೆದು ನೋಡುವವನಲ್ಲ."

"ಮರುದಿನ ಗೊತ್ತಾಯಿತಲ್ಲ."

ಅವನು ಹೆಗಲ ಬಟ್ಟೆಯಿಂದ ಮೇಜು ಒರೆಸತೊಡಗಿದ. ಮೇಜು ಒಣಗಿಯೇ ಇತ್ತು.

"ಆ ಸಂಜೆ ಅಡುಗೆಮನೆಯಲ್ಲಿ ನಿಮಗೆ ಊಟ ಬಡಿಸಿದ್ದು ಯಾರು?" ಎಂದು ಕೇಳಿದೆ. ಅದು ಬರೀ ಊಹೆಯಾಗಿತ್ತು. ಮಗ ಬಂದರೆ ಉಣ್ಣಿಸದೆ ಕಳಿಸುವ ಮನೆ ಅದಲ್ಲ.

"ವಿನೋದಾ," ಎಂದ ಅವನು ಕೊನೆಗೆ. "ಇನ್ನೊಂದು ಪತ್ತಿರ್ ಹಾಕಿಕೊಳ್ಳಿ ಅಂತ ಒತ್ತಾಯ ಮಾಡಿದಳು."

"ಅವಳು ನಿಮ್ಮ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ನಿಮ್ಮನ್ನು ಮನೆಯವರು ಅಂತಲೇ ತಿಳಿದಿದ್ದಾಳೆ. ನಾನು ಜೈಲಿಗೆ ಹೋದಾಗ ಮೊದಲು ಕೇಳಿದ್ದು ಜಾಮೀನಿನ ಬಗ್ಗೆ ಅಲ್ಲ, ಖತೀಜಮ್ಮ ಮಾತಾಡಿದರಾ ಅಂತ. ನಾಳೆ ಅವಳು ಹೊರಗೆ ಬಂದರೂ, ಕಳವಿನ ಹೆಸರು ಇರುವವಳನ್ನು ಇನ್ನು ಯಾವ ಮದುವೆ ಮನೆಯವರು ಒಳಗೆ ಬಿಡುತ್ತಾರೆ? ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ."

"ಸಾಕು ಮೇಡಂ."

"ಚಿನ್ನ ಎಲ್ಲುಂಟು?"

"ನನ್ನ ಹತ್ತಿರ ಇಲ್ಲ. ಕೊಡಬೇಕಾದವರಿಗೆ ಅದೇ ಸಂಜೆ ಕೊಟ್ಟೆ."

ಸಬೀಹಾಳ ಚಮಚ ನಿಂತಿತು. "ಯಾರಿಗೆ?" ಎಂದಳು. "ನಿನ್ನ ಹತ್ತಿರ ಜೋಪಾನವಾಗಿ ಉಂಟು ಅಂತ ಉಮ್ಮ ಹೇಳಿದ್ದು. ಸಮಯ ಬಂದಾಗ ತಾನೇ ತರಿಸ್ತೇನೆ, ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತ ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು. ಬೆಳಿಗ್ಗೆ ನೋಡಿದರೆ ಉಮ್ಮನಿಗೇ ಮಾತಿಲ್ಲ."

ನಾನು ಅವಳ ಕಡೆ ನೋಡಿದೆ. ಇಷ್ಟು ದಿನ ನನ್ನ ಎದುರು ಕೂತು, ಈಗೇನು ಮಾಡುವುದು ಎಂದು ನನ್ನನ್ನೇ ಕೇಳಿದವಳು. ಸಿಟ್ಟು ಬರಬೇಕಿತ್ತು. ಅವಳ ಕಣ್ಣಡಿಯ ಕಪ್ಪು ಎಲ್ಲಿಂದ ಬಂತು ಎಂದು ಗೊತ್ತಾದ ಮೇಲೆ ಬರಲಿಲ್ಲ.

"ಸಂದೇಶ, ಯಾರಿಗೆ ಕೊಟ್ಟೆ?"

"ಹೇಳುವುದಿಲ್ಲ ಅಂತ ನಾನೂ ಉಮ್ಮನಿಗೆ ಮಾತು ಕೊಟ್ಟಿದ್ದೇನೆ." ಅವನು ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಾಳೆ ನಾನು ಕೋರ್ಟಿಗೆ ಬರ್ತೇನೆ. ನಾನೇ ತೆಗೆದುಕೊಂಡು ಹೋದದ್ದು ಅಂತ ಹೇಳ್ತೇನೆ. ವಿನೋದಾ ಮನೆಗೆ ಹೋಗಲಿ. ಅಷ್ಟು ಸಾಕಲ್ಲ?"

"ಉಮ್ಮ ಕೊಟ್ಟದ್ದು ಅಂತ ಹೇಳ್ತೀರಾ?"

"ಹಾಸಿಗೆಯಲ್ಲಿ ಮಲಗಿದವರ ಹೆಸರು ಎಂಥಕ್ಕೆ?"

"ಹಾಗಾದರೆ ಕಳ್ಳ ಅನ್ನುವ ಹೆಸರು ಅವಳಿಂದ ನಿಮಗೆ ಬರ್ತದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ."

ಮುಂದಿನದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಸಂದೇಶ ಎಂಬ ಹೆಸರು, ಫಿದಾಳ ಮದುವೆಯ ಚಿನ್ನ, ಹೆಂಗಸರ ಮಾಳಿಗೆ. ಈ ಮೂರು ಮಾತು ಒಟ್ಟಿಗೆ ಯಾರದಾದರೂ ಮೊಬೈಲಿಗೆ ಸಿಕ್ಕಿದರೆ ಸಂಜೆಯೊಳಗೆ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಅದಕ್ಕೆ ಎಂಥ ಕೈಕಾಲು ಮೂಡುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಹಾಲಿನ ಕಥೆ ಕೇಳುವ ತಾಳ್ಮೆ ಆಗ ಯಾರಿಗೂ ಇರುವುದಿಲ್ಲ.

"ನಿನ್ನನ್ನು ನಾನು ಬಿಡುವುದಿಲ್ಲ," ಎಂದಳು ಸಬೀಹಾ. "ಉಮ್ಮ ಎದ್ದು ಕೂತ ದಿನ ಸಂದೇಶ ಎಲ್ಲಿ ಅಂತ ಕೇಳಿದರೆ ನಾನು ಎಂತ ಹೇಳಲಿ, ಜೈಲಿನಲ್ಲಿ ಅಂತಲಾ?"

"ವಿನೋದಾಳ ಅಮ್ಮ ಈಗ ಅದನ್ನೇ ಹೇಳ್ತಾ ಇರುವುದಲ್ಲ, ಅಕ್ಕ?"

ಸಬೀಹಾ ಚಮಚವನ್ನು ತಟ್ಟೆಯಲ್ಲಿ ಇಟ್ಟಳು. ಬನ್ಸ್ ತಣ್ಣಗಾಗುತ್ತಿತ್ತು. ಸಂದೇಶ ಗೋಡೆ ನೋಡಿದ, ಬಾಗಿಲು ನೋಡಿದ, ಕೊನೆಗೆ ಸಬೀಹಾಳ ಎದುರು ಆ ತಗ್ಗು ಕುರ್ಚಿಯಲ್ಲಿ ಕುಳಿತ.

"ಸಬೀಹಕ್ಕ, ನಿಝಾರಣ್ಣನಿಗೆ ಒಂದು ಫೋನ್ ಮಾಡಿ."

"ಈಗಲಾ? ಅಲ್ಲಿ ಡ್ಯೂಟಿಯ ಹೊತ್ತು."

"ಮಾಡಿ."

ನಿಝಾರ್ ಫಿದಾಳ ತಂದೆ, ದುಬೈಯಲ್ಲಿ ಕೆಲಸ. ಸ್ವಂತ ಮಗಳ ಮದುವೆಗೆ ರಜೆ ಸಿಗದೆ ಮೆಹೆಂದಿಯನ್ನು ವಿಡಿಯೋ ಕಾಲಿನಲ್ಲಿ ನೋಡಿ ಅತ್ತಿದ್ದ ಎಂದು ಆ ಮನೆಯ ಎಲ್ಲರೂ ನನಗೆ ಹೇಳಿದ್ದರು. ಅವನನ್ನು ನಾನು ವಿಚಾರಿಸಿರಲಿಲ್ಲ. ಸಮುದ್ರದಾಚೆ ಇರುವವನನ್ನು ಏನೆಂದು ವಿಚಾರಿಸುವುದು?

ಸಬೀಹಾ ವಿಡಿಯೋ ಕಾಲ್ ಮಾಡಿದಳು. ವಿಡಿಯೋ ಅವನು ತೆಗೆಯಲಿಲ್ಲ, ಬರೀ ಮಾತಿನ ಕರೆಯಾಗಿ ತಾನೇ ತಿರುಗಿ ಮಾಡಿದ. ನಾನು ಕೈಸನ್ನೆ ಮಾಡಿದೆ. ಅವಳು ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟಳು. ಇಬ್ಬರೂ ಬ್ಯಾರಿಯಲ್ಲೇ ಮಾತಾಡಿದರು. ಹಾಸ್ಟೆಲಿನಲ್ಲಿ ಅವಳಿಂದ ಕಲಿತದ್ದು ನನಗೆ ಅರ್ಥವಾಗಲು ಸಾಕಾಗುತ್ತಿತ್ತು.

"ಉಮ್ಮ ಹೇಗಿದ್ದಾರೆ?" ಅವನ ಧ್ವನಿ ಬಹಳ ತಗ್ಗಿತ್ತು.

"ಹಾಗೇ. ನೀನು ಎಲ್ಲಿದ್ದಿ ಅಣ್ಣ?"

"ಸೈಟಿನಲ್ಲಿ. ಇಲ್ಲಿ ಬಿಸಿಲು ತಡೆಯಲಿಕ್ಕಾಗುವುದಿಲ್ಲ. ರಜೆ ಕೇಳಿದ್ದೇನೆ, ಈ ಸಲ ಕೊಡ್ತಾರೆ ಅಂತ ಕಾಣ್ತದೆ."

"ಊಟ ಆಯ್ತಾ?"

"ಇನ್ನು ಆಗಬೇಕಷ್ಟೆ..."

ಅವನ ಮಾತು ಮುಗಿಯಲಿಲ್ಲ. ರಸ್ತೆಯಾಚೆಯ ಮಸೀದಿಯ ಮೈಕ್ ಕರಕರ ಎಂದು, ಸಂಜೆಯ ಮೊದಲಿನ ನಮಾಝಿಗೆ ಬಾಂಗ್ ಶುರುವಾಯಿತು. ಬಾಂಗ್ ಕೂಗುವ ವಯಸ್ಸಾದ ಮುಕ್ರಿಯವರ ಧ್ವನಿ, ಎತ್ತರಕ್ಕೆ ಹೋಗುವಲ್ಲಿ ಸ್ವಲ್ಪ ಒಡೆಯಿತು. ಅದು ಕಿಟಕಿಯಿಂದ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ತಟ್ಟೆಯ ಪಕ್ಕದ ಫೋನಿನಿಂದಲೂ ಬಂತು. ಅದೇ ಧ್ವನಿ, ಅದೇ ಜಾಗದಲ್ಲಿ ಒಡೆಯಿತು.

ದುಬೈಯಲ್ಲಿ ಆಗ ಇನ್ನೂ ಮಧ್ಯಾಹ್ನದ ಊಟದ ಹೊತ್ತು.

ಸಬೀಹಾ ಫೋನನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ಆ ಕಡೆಯಿಂದ ನಿಝಾರ್ ಕರೆ ಕತ್ತರಿಸಲಿಲ್ಲ. ಬಾಂಗ್ ಎರಡೂ ಕಡೆಯಿಂದ ಒಂದರ ಹಿಂದೆ ಒಂದು ಬರುತ್ತಲೇ ಇತ್ತು. ಟಿಫಿನ್ ಕ್ಯಾರಿಯರ್ ಯಾರ ಕೈ ಸೇರಿತ್ತೆಂದು ಈಗ ಗೊತ್ತಾಯಿತು, ಯಾಕೆ ಎಂಬುದು ಮಾತ್ರ ಉಳಿಯಿತು.

ಸಂದೇಶ ಎದ್ದು ಹೋಗಿ ಕೆಫೆಯ ಮುಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ತಿರುಗಿ ಬಂದು, ಅಡುಗೆಮನೆಯ ಪರದೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದ.

"ನಾನು ಯಾರ ಹೆಸರೂ ಹೇಳಲಿಲ್ಲ," ಎಂದ. "ಸಬೀಹಕ್ಕ, ಮೇಲೆ ಹೋಗುವ ಮೆಟ್ಟಿಲು ಹಿಂದೆ ಉಂಟು."